ಕಂಬಕ್ಕೆ ಬೆನ್ನು ಕೊಟ್ಟು

ನವೆಂಬರ್ 4, ಸೋಮವಾರ. ಬೆಳಿಗ್ಗೆ 7.40, ಟ್ರಾಮ್

ಅಕ್ಷರ ಸೊಟ್ಟ. ಟ್ರಾಮ್‌ನ ತಪ್ಪು ಅಂತ ಬರೆದುಕೊಳ್ಳೋಣ.

ಬ್ಯಾಡ್ಜ್ ಮೂರು ಸಲ ಮುಟ್ಟಿ ನೋಡಿಕೊಂಡೆ. ಇದೆ. ಫೋಟೋದಲ್ಲಿ ಕಣ್ಣು ಮುಚ್ಚಿದ್ದೇನೆ. ಕೆಳಗೆ ಲಾನುಓಲಾ ಹಾಡ್ಜ್. ಅದರ ಕೆಳಗೆ ಸಮೋವಾ. ನನ್ನ ಹೆಸರಿಗಿಂತ ದೇಶದ ಅಕ್ಷರ ದೊಡ್ಡದು. ನೋಡಿದಾಗಲೆಲ್ಲ ಅರ್ಧ ಭಯ, ಅರ್ಧ ಜಂಭ.

ಕೆಲಸ ಇಷ್ಟೇ. ಯೂನಿವರ್ಸಿಟಿಯಲ್ಲಿ ಕ್ಲಾಸ್ ಇಲ್ಲದ ಹೊತ್ತಿನಲ್ಲಿ, ಸರೋವರದ ದಂಡೆಯ ಆ ಕಲ್ಲಿನ ಕಟ್ಟಡದಲ್ಲಿ, ಲೋಕದ ವ್ಯಾಪಾರಕ್ಕೆ ನಿಯಮ ಬರೆಯುವ ಕಡೆ, ಸಮೋವಾದ ಕುರ್ಚಿಯಲ್ಲಿ ಕೂತು ನೋಟ್ಸ್ ಮಾಡುವುದು. ಜಿನೀವಾದ ನಮ್ಮ ಆಫೀಸಿನಲ್ಲಿ ಇರುವವರು ಇಬ್ಬರು. ಮುಖ್ಯಸ್ಥರಾದ ಲೆವಾಸಾ, ಮತ್ತು ಅಮ್ಮನ ಅಕ್ಕ ಮತಲೇನಾ ದೊಡ್ಡಮ್ಮ. ಪ್ರಿಂಟರ್ ಸೇರಿಸಿದರೆ ಮೂವರು. ಅದು ವಾರಕ್ಕೆ ಎರಡು ದಿನ ರಜೆ ಹಾಕುತ್ತದೆ. ಆ ಕಲ್ಲಿನ ಕಟ್ಟಡದಲ್ಲಿ ಒಂದೇ ಹೊತ್ತಿಗೆ ಐದು ಕೋಣೆಗಳಲ್ಲಿ ಮೀಟಿಂಗ್‌ಗಳು ನಡೆಯುತ್ತವೆ. ದೊಡ್ಡ ದೇಶಗಳು ಕೋಣೆಗೆ ನಾಲ್ಕು ಜನ ಕಳಿಸುತ್ತವೆ. ನಮ್ಮಲ್ಲಿ ಮೂರನೆಯ ಕೋಣೆಗೆ ಹೋಗುವವಳು ನಾನು.

ದೊಡ್ಡಮ್ಮನ ಆಜ್ಞೆ: ಕೂರು, ಬರಿ, ಬಾಯಿ ಬಿಡಬೇಡ. ಆಕ್ಲೆಂಡಿನ ಹಾಸ್ಟೆಲ್‌ನಲ್ಲಿ ಏಳು ವರ್ಷ ಕಲಿತದ್ದೂ ಅದೇ. ಗಂಟೆ ಹೊಡೆದರೆ ಏಳು, ಗಂಟೆ ಹೊಡೆದರೆ ಸುಮ್ಮನಾಗು. ಅಪ್ಪ ಇಂಗ್ಲೆಂಡಿನವರು. ನನ್ನ ಸಮೋವನ್ ಭಾಷೆ ಅಡುಗೆಮನೆಯದು — ಉಪ್ಪು ಕೊಡು, ಬಾಗಿಲು ಹಾಕು, ನಾಯಿ ಒಳಗೆ ಬಂತು. ಹಿರಿಯರ ಎದುರು ಆಡುವ ಗೌರವದ ಮಾತು ಬರುವುದಿಲ್ಲ. ಹಾಗಾಗಿ ಹಿರಿಯರ ಎದುರು ಮಾತೇ ಆಡುವುದಿಲ್ಲ. ಸುಲಭ.

ಸ್ಟಾಪ್ ಬಂತು.

ನವೆಂಬರ್ 6, ಬುಧವಾರ. ಮಧ್ಯಾಹ್ನ 1.10, ಕ್ಯಾಂಟೀನ್

ಕೋಣೆಯಲ್ಲಿ ದೇಶಗಳು ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ ಕೂರುತ್ತವೆ. ನನ್ನ ಎಡಕ್ಕೆ ಮೂರು ಸೇಂಟ್‌ಗಳು — ಸೇಂಟ್ ಕಿಟ್ಸ್, ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್. ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪಗಳು. ಮೂರಕ್ಕೂ ಸೇರಿ ಬರುವವರು ಒಬ್ಬರೇ, ಮಿಸ್ ವೆಲ್ಮಾ. ಅರವತ್ತರ ಹತ್ತಿರ, ಹಳದಿ ಸ್ಕಾರ್ಫ್. ನಡುವಿನ ಕುರ್ಚಿಯಲ್ಲಿ ತಾವು, ಒಂದು ಪಕ್ಕ ಕೋಟು, ಇನ್ನೊಂದು ಪಕ್ಕ ಹ್ಯಾಂಡ್‌ಬ್ಯಾಗ್.

"ಕೋಟು ಸೇಂಟ್ ಕಿಟ್ಸು, ಬ್ಯಾಗು ಸೇಂಟ್ ವಿನ್ಸೆಂಟು. ಇಬ್ರೂ ಬಹಳ ಒಳ್ಳೇವ್ರು ಮಗೂ, ನಂಗೆ ಎದುರು ಮಾತಾಡಲ್ಲ," ಅಂದರು.

ಎದುರಿನ ಸಾಲಿನಲ್ಲಿ ಒಂದು ದೊಡ್ಡ ದೇಶದ ಹಿರಿಯರಿದ್ದಾರೆ. ಬಿಳಿ ತಲೆ, ಬೆಳ್ಳಿ ಅಂಚಿನ ಕನ್ನಡಕ, ಮೆಲುದನಿ. ಹೆಸರು ಸರಿಯಾಗಿ ಕೇಳಿಸಿಕೊಂಡಿಲ್ಲ. ನನ್ನ ಪಾಲಿಗೆ ಬೆಳ್ಳಿ ಕನ್ನಡಕ. ಬ್ರೇಕ್‌ನಲ್ಲಿ ಅವರ ಮುಂದೆ ಹಾದುಹೋಗುವಾಗ ಅಭ್ಯಾಸಬಲದಿಂದ ಸೊಂಟ ಬಗ್ಗಿಸಿ "ತುಲೋ" ಅಂದುಬಿಟ್ಟೆ. ನಮ್ಮಲ್ಲಿ ಕೂತ ಹಿರಿಯರ ಮುಂದೆ ಹಾಗೆ ಅನ್ನದೆ ಯಾರೂ ದಾಟುವುದಿಲ್ಲ — ನಿಮ್ಮ ಮುಂದೆ ಬಂದೆ, ಕ್ಷಮಿಸಿ ಅಂತ. ನನ್ನ ಕೈಯಿಂದ ಏನೋ ಬಿತ್ತು ಅಂದುಕೊಂಡು ಪಾಪ ಅವರೂ ಬಗ್ಗಿ ನೆಲ ಹುಡುಕಿದರು.

ಚರ್ಚೆ ಮೀನುಗಾರಿಕೆಯದು. ದೊಡ್ಡ ಹಡಗುಗಳು ಸಮುದ್ರ ಬರಿದು ಮಾಡುತ್ತಿವೆ, ಆದ್ದರಿಂದ ದೋಣಿಗಳಿಗೆ ಸರಕಾರ ಕೊಡುವ ಇಂಧನದ ನೆರವು ಎಲ್ಲ ಕಡೆ ನಿಲ್ಲಬೇಕು. ಒಳ್ಳೆಯದೇ. ಏಳನೆಯ ಪ್ಯಾರಾ ಮಾತ್ರ ನಮ್ಮದು: ಪುಟ್ಟ ದೇಶಗಳ ಪುಟ್ಟ ದೋಣಿಗಳು ದಡದಿಂದ [ಐವತ್ತು] ಮೈಲಿಯೊಳಗೆ ಹಿಡಿದರೆ ನೆರವು ಮುಂದುವರಿಯಬಹುದು. ಐವತ್ತರ ಸುತ್ತ ಚೌಕ ಕಂಸ. ಕಂಸದೊಳಗೆ ಇರುವುದು ಇನ್ನೂ ಯಾರೂ ಒಪ್ಪದ್ದು. ಕಂಸ ಬಿಚ್ಚಿದರೆ ಒಪ್ಪಿದಂತೆ.

ಸಮುವೇಲು ಮಾವನ ದೋಣಿ ನೆನಪಾಯಿತು. ಅಮ್ಮನ ತಮ್ಮ. ಎರಡು ಒಡಲಿನ ಆಲಿಯಾ ದೋಣಿ, ಹಸಿರು ಬಣ್ಣ, ಇಬ್ಬರು ಮಲಗಿದರೆ ಮೂರನೆಯವನಿಗೆ ಜಾಗ ಇಲ್ಲ. ಏಳನೆಯ ಪ್ಯಾರಾ ಅಂದರೆ ನಮ್ಮ ಮನೆಯವರಿಗೆ ಅದು.

ನಿನ್ನೆ ಸಂಜೆ ಲೆವಾಸಾ ಅವರಿಗೆ ನೋಟ್ಸ್ ತೋರಿಸಿದೆ. ಲೆವಾಸಾ ಅನ್ನುವುದು ಅವರ ಹೆಸರಲ್ಲ, ಮನೆತನ ಕೊಟ್ಟ ಪಟ್ಟ. ಊರಲ್ಲಿ ಅವರು ಸಭೆಯ ಮಾತುಗಾರರು. ಕೋಕೋ ಕುಡಿಯುತ್ತ ಹೇಳಿದರು, ಬೇರೆ ಕಡೆ ಹಣ ಹೆಚ್ಚಿದ್ದವರ ಮಾತು ಹೆಚ್ಚು ತೂಗುತ್ತದೆ, ಈ ಕಟ್ಟಡದಲ್ಲಿ ತೂಕವೇ ಇಲ್ಲ. ವೋಟೂ ಇಲ್ಲ. ಅಧ್ಯಕ್ಷರು ಸುತ್ತ ನೋಡುತ್ತಾರೆ, ಕೋಣೆಯಲ್ಲಿ ಇದ್ದವರಲ್ಲಿ ಒಬ್ಬರೂ ಬೇಡ ಅನ್ನದಿದ್ದರೆ ಸುತ್ತಿಗೆ ಬೀಳುತ್ತದೆ.

"ಕುರ್ಚಿ ಖಾಲಿ ಇದ್ರೆ ಬೇಡ ಅನ್ನೋರೇ ಇಲ್ಲ, ತಿಳೀತಾ? ಅದಕ್ಕೇ ನಿನ್ನ ಕೂರ್ಸಿರೋದು. ಇದೂ ಒಂದು ಫಾಲೆ, ಮಗೂ."

ಫಾಲೆ — ಊರಿನ ಸಭೆಮನೆ. ಗೋಡೆ ಇಲ್ಲ, ಸುತ್ತ ಕಂಬ. ಒಂದೊಂದು ಪಟ್ಟಕ್ಕೆ ಒಂದೊಂದು ಕಂಬ. ತಾತ ಅದಕ್ಕೆ ಬೆನ್ನು ಕೊಟ್ಟು ಚಕ್ಕಂಬಟ್ಲೆ ಹಾಕಿ ಕೂರುತ್ತಿದ್ದುದನ್ನು ಹೊರಗಿನಿಂದ ನೋಡಿದ್ದೇನೆ. ಎಲ್ಲರೂ ಒಪ್ಪುವ ತನಕ ಸಭೆ ಮುಗಿಯುತ್ತಿರಲಿಲ್ಲ. ಮಕ್ಕಳಾದ ನಾವು ಹಸಿದು ಸಾಯುತ್ತಿದ್ದೆವು.

ನವೆಂಬರ್ 11, ಸೋಮವಾರ

ಕ್ಲಾಸಿನಲ್ಲಿ ಪ್ರೊಫೆಸರ್ ಕೇಳಿದರು: ಲೋಕದ ಹಣಕಾಸಿನ ನಿಯಮ ಬರೆಯುವಾಗ ಸಣ್ಣ ದೇಶಗಳ ಮಾತು ಕೇಳಿಸುವುದು ಹೇಗೆ? ನನಗೆ ಗೊತ್ತಿತ್ತು. ಕೈ ಎತ್ತಲಿಲ್ಲ. ಎತ್ತಿದ್ದು ಬಾಸ್ಟಿಯಾನ್. ಲಿಯಾನ್‌ನವನು, ದಿನಾ ನನ್ನ ಹಿಂದಿನ ಬೆಂಚು. ಕೇಳಿಸುವುದೇ ಇಲ್ಲ ಅಂದ. ಎಲ್ಲ ನಕ್ಕರು. ಆಮೇಲೆ ಮೆಟ್ಟಿಲ ಹತ್ತಿರ ನನಗೆ: "ನಮ್ಮೂರಲ್ಲಿ ನಾಲ್ಕು ಮ್ಯಾಚ್ ಆಡಿಸಿದ್ರೆ ನಿಮ್ಮ ಇಡೀ ದೇಶ ಸ್ಟೇಡಿಯಮ್ಮಿಗೆ ಬಂದು ಹೋಗುತ್ತಲ್ವಾ?"

ಲೆಕ್ಕ ಹಾಕಿದೆ. ಸರಿಯಾಗಿಯೇ ಇದೆ. ಅದಕ್ಕೇ ಸಿಟ್ಟು.

ನವೆಂಬರ್ 14, ಗುರುವಾರ

ಲೆವಾಸಾ ಊರಿಗೆ ಹೊರಟರು. ಅವರ ದೊಡ್ಡಪ್ಪನ ಸಾವು. ಸಭೆಯ ಮಾತುಗಾರ ಇಲ್ಲದೆ ಅಲ್ಲಿ ಹೆಣ ಎತ್ತುವುದಿಲ್ಲ. ಎರಡು ವಾರ ಆದರೂ ಆಗಬಹುದು. ಆಫೀಸಿನಲ್ಲಿ ದೊಡ್ಡಮ್ಮ, ನಾನು, ಪ್ರಿಂಟರ್. ಪ್ರಿಂಟರ್ ಇವತ್ತು ರಜೆ.

ನವೆಂಬರ್ 19, ಮಂಗಳವಾರ. ಸಂಜೆ 4.30

ಬರೆದೇ ಬಿಡಬೇಕು. 

ಬೆಳಿಗ್ಗೆ ದೊಡ್ಡಮ್ಮ ಇನ್ನೊಂದು ಕೋಣೆಯಲ್ಲಿ. ಮೀನಿನ ಕೋಣೆಯಲ್ಲಿ ನಾನೊಬ್ಬಳೇ. ಕಾಫಿ ಬ್ರೇಕ್ ಮುಗಿದ ಮೇಲೆ ಮೇಜಿನ ಮೇಲೆ ಹೊಸ ಹಾಳೆ. ಮಿಸ್ ವೆಲ್ಮಾ ಆಗಷ್ಟೇ ಮೇಲಿನ ಮಹಡಿಗೆ ಓಡಿದ್ದರು, ಅಲ್ಲೂ ಅವರ ಮೂರು ಕುರ್ಚಿ. ಪಕ್ಕದಲ್ಲಿ ಬ್ಯಾಗ್ ಮಾತ್ರ ಇತ್ತು. ಫಿಜಿ, ಟೊಂಗಾ, ಉಳಿದ ದ್ವೀಪಗಳ ಕುರ್ಚಿಗಳೂ ಖಾಲಿ.

ಏಳನೆಯ ಪ್ಯಾರಾದಲ್ಲಿ ಐವತ್ತು ಇರಲಿಲ್ಲ. ಹನ್ನೆರಡು ಅಂತಿತ್ತು. ಕಂಸವೂ ಇರಲಿಲ್ಲ.

ಫೋಟೋ ತೆಗೆದು ದೊಡ್ಡಮ್ಮನಿಗೆ ಕಳಿಸಿದೆ. ಅವಳು ನೋಡಲಿಲ್ಲ. ಬೆಳ್ಳಿ ಕನ್ನಡಕ ಮಾತು ಶುರು ಮಾಡಿದರು. ಹನ್ನೆರಡು ಮೈಲಿ ಯಾಕೆ ಒಳ್ಳೆಯದು, ಅಳೆಯಲು ಎಷ್ಟು ಸುಲಭ, ನಿಧಾನವಾಗಿ, ಸಜ್ಜನಿಕೆಯಿಂದ, ತಾತ ಮಾತಾಡಿದ ಹಾಗೆ. ಆಮೇಲೆ ಅಧ್ಯಕ್ಷರು ಯಾರದಾದರೂ ಆಕ್ಷೇಪ ಇದೆಯೇ ಅಂದರು. ಒಂದೊಂದೇ ಮುಖ ನೋಡುತ್ತ ಬಂದರು. ನನ್ನ ಮುಖಕ್ಕೆ ಬಂದರು.

ತಲೆ ತಗ್ಗಿಸಿದೆ.

ಭಯ ಮಾತ್ರ ಅಲ್ಲ. ಭಯ ಇತ್ತು, ಆದರೆ ಕೊರಳು ತಾನಾಗಿ ಬಾಗಿತು. ನಮ್ಮಲ್ಲಿ ಹಿರಿಯರು ಮಾತು ಮುಗಿಸಿದಾಗ ಕಿರಿಯರು ತಲೆ ತಗ್ಗಿಸಬೇಕು. ಒಪ್ಪಿದೆ ಅಂತಲ್ಲ, ಕೇಳಿಸಿಕೊಂಡೆ ಅಂತ. ಆಮೇಲೆ ಹಿರಿಯರೇ ಪಕ್ಕಕ್ಕೆ ಕರೆದು, ನಿನ್ನ ಮನಸ್ಸಲ್ಲಿ ಏನಿದೆ ಹೇಳು ಅನ್ನುತ್ತಾರೆ. ಇಲ್ಲಿ ಯಾರೂ ಕರೆಯಲಿಲ್ಲ. "ಆಕ್ಷೇಪ ಇಲ್ಲ. ಹಾಗೇ ಆಗಲಿ," ಅಂದರು ಅಧ್ಯಕ್ಷರು. ಪೆನ್ನಿನ ತುದಿಯಿಂದ ಮೇಜು ತಟ್ಟಿದರು. ಮೂರು ಸೆಕೆಂಡು.

ಹನ್ನೆರಡು ಮೈಲಿಯೊಳಗೆ ಟ್ಯೂನಾ ಬರುವುದಿಲ್ಲ. ನಮ್ಮೂರ ಮಕ್ಕಳಿಗೂ ಗೊತ್ತು. ನೆರವು ನಿಂತರೆ ಅದರಾಚೆಗೆ ಇಂಧನ ಹಾಕಲು ಮಾವನ ಕೈಲಿ ಆಗುವುದಿಲ್ಲ. ಹಸಿರು ದೋಣಿ ತೆಂಗಿನ ಮರದ ಕೆಳಗೆ ಕೂರುತ್ತದೆ.

ಕೂರಿಸಿದವಳು ನಾನು.

ನವೆಂಬರ್ 20, ಬುಧವಾರ

ಎರಡೂ ಕ್ಲಾಸ್ ತಪ್ಪಿಸಿದೆ. ದೊಡ್ಡಮ್ಮ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನಿನ್ನೆ ಸಂಜೆ ಆಫೀಸಿನ ಪುಟ್ಟ ಅಡುಗೆಮನೆಯಲ್ಲಿ ಕೆಸುವಿನ ಗೆಡ್ಡೆ ಬೇಯಿಸಿ, ತೆಂಗಿನ ಹಾಲು ಸುರಿದು ಮುಂದಿಟ್ಟಳು. ಇಲ್ಲಿ ಕೆಸುವಿನ ಸೊಪ್ಪು ಸಿಗುವುದಿಲ್ಲ, ಪಾಲಕ್ ಹಾಕುತ್ತಾಳೆ.

"ಮೊದ್ಲು ತಿನ್ನು. ಅತ್ಕೊಂಡು ತಿಂದ್ರೆ ಉಪ್ಪು ಜಾಸ್ತಿ ಆಗುತ್ತೆ."

ಆಮೇಲೆ ವಿಷಯ ಹೇಳಿದಳು. ನಿನ್ನೆಯದು ಅನೌಪಚಾರಿಕ ಮೀಟಿಂಗ್, ಮರದ ಸುತ್ತಿಗೆ ಬಿದ್ದಿಲ್ಲ. ಇಡೀ ಕರಡು ಇಪ್ಪತ್ತೆಂಟಕ್ಕೆ ಔಪಚಾರಿಕ ಸಭೆಗೆ ಬರುತ್ತದೆ. ಅಲ್ಲಿ ಯಾರು ಬೇಕಾದರೂ ಮತ್ತೆ ಕಂಸ ಹಾಕಿಸಬಹುದು. ಆದರೆ ತಾನೇ ಸುಮ್ಮನಿದ್ದು ಬಿಟ್ಟುಕೊಟ್ಟದ್ದನ್ನು ತಾನೇ ತೆರೆಯುವುದು ಕಷ್ಟ. ನೀವು ಕೋಣೆಯಲ್ಲೇ ಇದ್ದಿರಲ್ಲ ಅನ್ನುತ್ತಾರೆ. ಅದಕ್ಕೆ ಉತ್ತರ ಬೇಕು.

ಉತ್ತರ ನನ್ನ ಹತ್ತಿರ ಇದೆ. ಹೇಳಲು ನಾಚಿಕೆ.

ನವೆಂಬರ್ 21, ಗುರುವಾರ. ಸಂಜೆ 6

ಅಡುಗೆಮನೆಯಲ್ಲಿ ಒಂಬತ್ತು ಜನ. ಕುರ್ಚಿ ನಾಲ್ಕು. ಫಿಜಿ, ಟೊಂಗಾ, ವನುಆಟು, ಮಾಲ್ಡೀವ್ಸ್, ಮಾರಿಷಸ್‌ನವರು, ಮತ್ತೂ ಕೆಲವರು. ಮಿಸ್ ವೆಲ್ಮಾ ಒಬ್ಬರೇ ಬಂದು ಮೂರು ದೇಶದ ಪಾಲಿನ ಬಿಸ್ಕತ್ತು ತೆಗೆದುಕೊಂಡರು. ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದಾರೆ. ಇಂಥ ಕೋಣೆಗೆ ಟೊಂಗಾ ಕಿವಿ, ಇಂಥ ಕೋಣೆಗೆ ಫಿಜಿ ಕಿವಿ. ಒಬ್ಬರು ಕೇಳಿಸಿಕೊಂಡದ್ದು ಐದು ನಿಮಿಷದಲ್ಲಿ ಎಲ್ಲರ ಫೋನಿಗೆ. ಇಪ್ಪತ್ತು ಜನರ ಆಫೀಸು ಇಲ್ಲದವರು ಮಾಡಿಕೊಂಡ ಆಫೀಸು ಇದು. ಪ್ರೊಫೆಸರ್ ಬೋರ್ಡಿನ ಮೇಲೆ ಬರೆದದ್ದರಲ್ಲಿ ಈ ಫ್ರಿಜ್ ಇರಲಿಲ್ಲ.

ನಾನು ಬಾಗಿಲ ಹತ್ತಿರ ನಿಂತು, ಹತ್ತೊಂಬತ್ತರಂದು ಏನಾಯಿತು ಅಂತ ಹೇಳಿದೆ. ಎಲ್ಲ ಹೇಳಿದೆ, ತಲೆ ತಗ್ಗಿಸಿದ್ದನ್ನೂ. ಟೊಂಗಾದವರು ಮುಖ ಮುಚ್ಚಿಕೊಂಡು ನಗುತ್ತಿದ್ದರು. ತಮ್ಮ ಮೊದಲ ವರ್ಷ ತಾವೂ ಹೀಗೇ ತಲೆ ತಗ್ಗಿಸಿ ಒಂದು ಇಡೀ ಪುಟ ಕಳೆದುಕೊಂಡರಂತೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲವಂತೆ.

ಫಿಜಿ ಮೊದಲು ಮಾತಾಡಲಿ ಅಂತ ಒಬ್ಬರು ಅಂದರು. ಮಿಸ್ ವೆಲ್ಮಾ ಒಪ್ಪಲಿಲ್ಲ. "ಫಿಜಿ ಎದ್ರೆ ಅವ್ರು ಸಮೋವಾ ಕಡೆ ಬೆರಳು ತೋರಿಸ್ತಾರೆ, ಅವ್ರೇ ಒಪ್ಪಿದ್ರಲ್ಲ ಅಂತ. ಮೊದಲ್ನೇ ಫಲಕ ಸಮೋವಾದ್ದೇ ಏಳ್ಬೇಕು. ಹಿಂದೆ ನಾವಿದೀವಿ."

ಫಲಕ ಅಂದರೆ ಮೇಜಿನ ಮೇಲಿನ ದೇಶದ ಹೆಸರು. ಮಾತಾಡಬೇಕು ಅನ್ನುವವರು ಅದನ್ನು ಎತ್ತಿ ಉದ್ದಕ್ಕೆ ನಿಲ್ಲಿಸಬೇಕು. ನಿಲ್ಲಿಸುವವಳು ದೊಡ್ಡಮ್ಮ ಅಂತ ತೀರ್ಮಾನ.

ನವೆಂಬರ್ 23, ಶನಿವಾರ. ಬೆಳಿಗ್ಗೆ 8

ಮಾವನಿಗೆ ಫೋನ್. ಅಲ್ಲಿ ರಾತ್ರಿ ಎಂಟು. ಹನ್ನೆರಡು ಮೈಲಿ ಅಂದ ಕೂಡಲೇ ಕೇಳಿದ, "ಯಾರೇ ಅದು ಹೇಳಿದ್ದು? ಅಲ್ಲಿಗೆ ನಾವು ಮೀನು ಹಿಡಿಯೋಕೆ ಹೋಗಲ್ಲ ಕಣೇ, ನಿನ್ನ ಅತ್ತೆ ಬೈದ್ರೆ ಕೂತ್ಕೊಳ್ಳೋಕೆ ಹೋಗ್ತೀವಿ."

ತಪ್ಪು ಮಾಡಿದ್ದು ನಾನು ಅಂತ ಹೇಳಿದೆ.  ದೋಣಿಯ ನೋಟ್‌ಬುಕ್ ಬೇಕಾ ಅಂದ. ಪ್ರತಿ ಸಲ ಎಲ್ಲಿ ಗಾಳ ಬಿಟ್ಟ, ಏನು ಸಿಕ್ಕಿತು ಅಂತ ಬರೆದಿಡುತ್ತಾನೆ. ಇಪ್ಪತ್ತು ಫೋಟೋ ಕಳಿಸಿದ. ಕೆಲವದರ ಮೇಲೆ ಮೀನಿನ ರಕ್ತ.

ಈ ವರ್ಷ ಮೂವತ್ತೊಂದು ಸಲ ಹೋಗಿದ್ದಾನೆ. ಹನ್ನೆರಡು ಮೈಲಿಯೊಳಗೆ ಎರಡೇ ಸಲ, ಎರಡು ಸಲವೂ ಇಂಜಿನ್ ಕೆಟ್ಟಿತ್ತು. ನಕಾಶೆ ಬರೆದೆ. ಮೂವತ್ತೊಂದು ಚುಕ್ಕಿ. ದಡದ ಸುತ್ತ ಹನ್ನೆರಡು ಮೈಲಿಯ ಗೆರೆ, ಒಳಗೆ ಆ ಎರಡು ಚುಕ್ಕಿ ಬಿಟ್ಟರೆ ಬರೀ ಬಿಳಿ ಕಾಗದ.

ದೊಡ್ಡಮ್ಮ ನೋಡಿ, "ಇದನ್ನ ನೂರು ಕಾಪಿ ತೆಗಿ," ಅಂದಳು. ಅವಳ ಭಾಷೆಯಲ್ಲಿ ಅದು ಹೊಗಳಿಕೆ. ಪ್ರಿಂಟರ್ ಕೂಡ ಕೆಲಸ ಮಾಡಿತು.

ನವೆಂಬರ್ 27, ಬುಧವಾರ. ಸಂಜೆ 5.15

ಆಗಬಾರದ್ದು ಆಯಿತು. ಇನ್ನೊಂದು ಕೋಣೆಯ ಮೀಟಿಂಗನ್ನು ನಾಳೆ ಬೆಳಿಗ್ಗೆ ಹತ್ತಕ್ಕೆ ಹಾಕಿದ್ದಾರೆ. ಅಲ್ಲಿ ಪೆಸಿಫಿಕ್‌ನ ಎಲ್ಲ ದ್ವೀಪಗಳ ಪರವಾಗಿ ಮಾತಾಡಬೇಕಾದವಳು ದೊಡ್ಡಮ್ಮನೇ. ಬಿಡುವ ಹಾಗಿಲ್ಲ. ಮೀನಿನ ಸಭೆಯೂ ಹತ್ತಕ್ಕೇ. ಲೆವಾಸಾ ಇನ್ನೂ ಊರಲ್ಲಿ. ನಾಲ್ಕು ಕಡೆ ಫೋನ್ ಮಾಡಿದಳು. ಹೊತ್ತು ಬದಲಾಗಲಿಲ್ಲ.

ಫೋನ್ ಇಟ್ಟು ನನ್ನನ್ನು ನೋಡಿದಳು. ನಾನು ಫ್ರಿಜ್ ನೋಡಿದೆ.

ನನ್ನ ಕೈಲಾಗಲ್ಲ ಅಂದೆ. ಮೂರು ಸಲ ಅಂದೆ. ಪಟ್ಟ ಇಲ್ಲ, ವಯಸ್ಸಿಲ್ಲ, ಗೌರವದ ಮಾತು ಬರುವುದಿಲ್ಲ, ಹೋದ ಸಲ ಏನಾಯಿತು ನೋಡು. ದೊಡ್ಡಮ್ಮ ಭರವಸೆ ಏನೂ ಕೊಡಲಿಲ್ಲ. ಬೆಳಿಗ್ಗೆ ಎದ್ದು ಅಜ್ಜಿಗೆ ಫೋನ್ ಮಾಡು ಅಂದಳು.

ನವೆಂಬರ್ 28, ಗುರುವಾರ. ಬೆಳಿಗ್ಗೆ 7.25

ಅಜ್ಜಿ ಸಂಜೆಯ ಪ್ರಾರ್ಥನೆ ಮುಗಿಸಿ ಕೂತಿದ್ದಳು. ಹಿಂದೆ ಕೋಳಿ. ಎಲ್ಲ ಕೇಳಿಸಿಕೊಂಡು ಒಂದು ವಿಷಯ ಹೇಳಿದಳು, ನನಗೆ ಗೊತ್ತೇ ಇರಲಿಲ್ಲ. ತಾತನಿಗೆ ಕಾಲು ಬಾತುಕೊಂಡು ಮಲಗಿದ್ದಾಗ ಊರಿನ ಸಭೆಯಲ್ಲಿ ನೀರಿನ ಪೈಪಿನ ವಿಷಯ ಬಂತಂತೆ. ನಮ್ಮ ಕೇರಿಯನ್ನು ಬಿಟ್ಟು ಪೈಪು ಹಾಕುವ ಮಾತು. ತಾತ ಅವಳನ್ನು ಕಳಿಸಿದ. ಪಟ್ಟ ಇಲ್ಲದ ಹೆಂಗಸು ತಾತನ ಕಂಬಕ್ಕೆ ಬೆನ್ನು ಕೊಟ್ಟು ಕೂತಳು. ಎಲ್ಲರೂ ನೋಡಿದರು. ಯಾರೂ ಏಳು ಅನ್ನಲಿಲ್ಲ.

"ಹೆದ್ರಿಕೆ ಆಗ್ಲಿಲ್ವಾ ಅಜ್ಜಿ?"

"ಆಯ್ತು. ಕಂಬಕ್ಕೆ ಆಗ್ಲಿಲ್ಲ. ಅಲ್ಲಿ ಮಾತಾಡೋದು ನೀನಲ್ಲ ಕಣೇ, ಕಂಬ. ನೀನು ಬೆನ್ನು ನೆಟ್ಟಗಿಟ್ಕೋ, ಸಾಕು. ಮೊದ್ಲು ತುಲೋ ಅನ್ನು. ಆಮೇಲೆ ಇರೋದನ್ನ ಹೇಳು."

ನಮ್ಮ ಕೇರಿಯಲ್ಲಿ ಈಗಲೂ ನಲ್ಲಿ ಇದೆ. ಚಿಕ್ಕವಳಿದ್ದಾಗ ಅದರ ಕೆಳಗೇ ಸ್ನಾನ.

ಅಮ್ಮನ ನೀಲಿ ಲಂಗ-ರವಿಕೆ ಇಸ್ತ್ರಿ ಮಾಡಿದೆ. ಹೊರಟೆ.

ಅದೇ ದಿನ. ಮಧ್ಯಾಹ್ನ 1.40, ಕಾರಿಡಾರ್‌ನ ಬೆಂಚು

ಮರೆಯುವ ಮೊದಲು ಬರೆಯುತ್ತೇನೆ. ಮರೆಯುವುದಿಲ್ಲ, ಆದರೂ.

ಅಧ್ಯಕ್ಷರು ಒಂದೊಂದೇ ಪ್ಯಾರಾ ಓದಿದರು. ಐದು. ಆರು. ಸುತ್ತಿಗೆ ಪಕ್ಕದಲ್ಲಿ. ಏಳು ಅಂದಾಗ ಫಲಕ ಎತ್ತಿ ನಿಲ್ಲಿಸಿದೆ. ಬಿತ್ತು. ಇಡೀ ಕೋಣೆಗೆ ಕೇಳಿಸಿತು. ಮತ್ತೆ ನಿಲ್ಲಿಸಿದೆ, ಮತ್ತೆ ಬಿತ್ತು. ಮಿಸ್ ವೆಲ್ಮಾ ನನ್ನ ಕಡೆ ನೋಡದೆಯೇ ಸೇಂಟ್ ವಿನ್ಸೆಂಟ್ ಕುರ್ಚಿಯಿಂದ ಹ್ಯಾಂಡ್‌ಬ್ಯಾಗ್ ಎತ್ತಿ ನನ್ನ ಮೇಜಿನ ಮೇಲಿಟ್ಟರು. ಫಲಕವನ್ನು ಅದಕ್ಕೆ ಒರಗಿಸಿದೆ. ನಿಂತಿತು.

"ಸಮೋವಾ, ಮಾತಾಡಿ," ಅಂದರು ಅಧ್ಯಕ್ಷರು.

ಬೆನ್ನು ಕುರ್ಚಿಗೆ ಒತ್ತಿದೆ. ಗಟ್ಟಿ ಮರ. ತುಲೋ ಅಂದೆ. ಮೈಕ್‌ನಲ್ಲಿ ನನ್ನ ದನಿ ಬೇರೆ ಯಾರದೋ ಹಾಗೆ ಕೇಳಿಸಿತು. ಏಳನೆಯ ಪ್ಯಾರಾವನ್ನು ಸಮೋವಾ ಒಪ್ಪುವುದಿಲ್ಲ ಅಂದೆ. ಹನ್ನೆರಡರ ಸುತ್ತ ಕಂಸ ಹಾಕಬೇಕು.

ಬೆಳ್ಳಿ ಕನ್ನಡಕದವರು ಫಲಕ ನಿಲ್ಲಿಸಿದರು. ದನಿ ಏರಿಸಲಿಲ್ಲ. ಇದು ಹತ್ತೊಂಬತ್ತರಂದೇ ತೀರ್ಮಾನವಾಗಿತ್ತು, ಸಮೋವಾ ಕೋಣೆಯಲ್ಲಿತ್ತು, ಆಗ ಯಾಕೆ ಸುಮ್ಮನಿತ್ತು ಅಂತ ತಿಳಿಯಬಹುದೇ ಅಂದರು.

ಈ ಪ್ರಶ್ನೆಗೆ ಹೆದರಿಯೇ ಒಂಬತ್ತು ದಿನ ಕಳೆದದ್ದು. ಕೇಳಿದ ಮೇಲೆ ಹಗುರಾಯಿತು.

"ಆ ದಿನ ಕೂತಿದ್ದವಳು ನಾನೇ," ಅಂದೆ. "ನಮ್ಮ ನಾಡಿನಲ್ಲಿ ಹಿರಿಯರು ಮಾತಾಡಿದಾಗ ಕಿರಿಯರು ತಲೆ ತಗ್ಗಿಸುತ್ತಾರೆ. ನೀವು ಮಾತಾಡಿದಿರಿ, ನಾನು ತಗ್ಗಿಸಿದೆ. ನಿಮ್ಮ ಮಾತು ಕೇಳಿಸಿಕೊಂಡೆ ಅಂತ ಅದರ ಅರ್ಥ. ಒಪ್ಪಿದೆ ಅಂತ ಅಲ್ಲ. ನಿಮಗೆ ತೋರಿಸಿದ ಗೌರವವನ್ನು ನಮ್ಮ ಸಹಿ ಅಂತ ಬರೆದುಕೊಳ್ಳಬೇಡಿ ಅಂತ ಕೇಳುತ್ತಿದ್ದೇನೆ."

ಆಮೇಲೆ ನಕಾಶೆ ಹಂಚಿದೆ. ಮೂವತ್ತೊಂದು ಚುಕ್ಕಿ, ಗೆರೆಯ ಒಳಗೆ ಬಹುತೇಕ ಬಿಳಿ ಕಾಗದ. ಎರಡು ಚುಕ್ಕಿ ಯಾಕೆ ಒಳಗಿವೆ ಅಂದರೆ ಇಂಜಿನ್ ಕೆಟ್ಟಿತ್ತು ಅಂತಲೂ ಹೇಳಿದೆ. ಯಾರೋ ನಕ್ಕರು. ಒಳ್ಳೆಯ ನಗು.

ಯಾವ ಫಲಕವೂ ಏಳಲಿಲ್ಲ.  ಸೋತೆ ಅಂದುಕೊಂಡೆ.

ಪಕ್ಕದಲ್ಲಿ ಟಕ್. ಸೇಂಟ್ ಲೂಸಿಯಾ. ಮಿಸ್ ವೆಲ್ಮಾ ಎದ್ದು ಆ ಕಡೆಯ ಕುರ್ಚಿಗೆ ಸರಿದು — ಟಕ್, ಸೇಂಟ್ ಕಿಟ್ಸ್. ಮತ್ತೆ ಈ ಕಡೆ ಬಂದು — ಟಕ್, ಸೇಂಟ್ ವಿನ್ಸೆಂಟ್. ಅಧ್ಯಕ್ಷರು ಮೂರೂ ದೇಶಗಳನ್ನು ಒಂದಾದ ಮೇಲೆ ಒಂದು ಕರೆದರು. ಅವರು ಮೂರು ಕುರ್ಚಿಯಲ್ಲಿ ಮೂರು ಸಲ ಕೂತು, ಮೂರು ಸಲ "ಸಮೋವಾದ ಮಾತೇ ನಮ್ಮ ಮಾತು" ಅಂದರು. ಮೂರನೆಯ ಸಲ ಏದುಸಿರು ಬಿಡುತ್ತಿದ್ದರು. ಫಿಜಿ. ಟೊಂಗಾ. ವನುಆಟು. ಮಾಲ್ಡೀವ್ಸ್. ಮಾರಿಷಸ್. ಅಡುಗೆಮನೆಗೆ ಬಂದೇ ಇರದವರೂ — ಐಸ್‌ಲೆಂಡ್, ಬೆನಿನ್, ಹೈಟಿ. ಎಣಿಸಿದೆ. ಇಪ್ಪತ್ತಮೂರು.

ಕೋಣೆಯ ಸುತ್ತ ನೆಟ್ಟಗೆ ನಿಂತ ಬಿಳಿ ಫಲಕಗಳು. ಗೋಡೆ ಇಲ್ಲದ ಮನೆಯ ಕಂಬಗಳ ಹಾಗೆ. ಕಣ್ಣು ತುಂಬಿ ಬಂತು. ತಲೆ ತಗ್ಗಿಸಲಿಲ್ಲ, ತಗ್ಗಿಸಿದರೆ ನೀರು ಕೆಳಗೆ ಬೀಳುತ್ತಿತ್ತು.

ಅಧ್ಯಕ್ಷರು ಸುತ್ತಿಗೆಯನ್ನು ಮುಟ್ಟಲಿಲ್ಲ. ಕಾರ್ಯದರ್ಶಿಯ ಕಡೆ ಬಾಗಿ ಏನೋ ಹೇಳಿದರು. ದೊಡ್ಡ ಪರದೆಯ ಮೇಲೆ ಹನ್ನೆರಡರ ಎಡಕ್ಕೆ ಒಂದು ಚೌಕ ಕಂಸ ಬಂತು. ಬಲಕ್ಕೆ ಇನ್ನೊಂದು.

ಎರಡು ಪುಟ್ಟ ಗೆರೆ. ನಮ್ಮ ದೇಶದ ಮಾತಿನ ಆಕಾರ ಹಾಗಿರುತ್ತದೆ ಅಂತ ಇವತ್ತು ನೋಡಿದೆ.

ದೊಡ್ಡಮ್ಮ ಇನ್ನೊಂದು ಕೋಣೆಯಿಂದ ಓಡಿ ಬಂದಳು, ಚಪ್ಪಲಿ ಕೈಯಲ್ಲಿ. ಪರದೆ ನೋಡಿದಳು, ನನ್ನನ್ನು ನೋಡಿದಳು. "ಊಟ ಮಾಡಿದ್ಯಾ?" ಅಂದಳು. ಅಷ್ಟೇ. ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡಳು.

ಡಿಸೆಂಬರ್ 3, ಮಂಗಳವಾರ

ಲೆವಾಸಾ ಬಂದರು. ಕೋಟು ಬಿಚ್ಚುವ ಮೊದಲೇ ಆಫೀಸಿನ ನಡುವೆ ನಿಂತು, ಸಭೆಯ ಗೌರವದ ಮಾತಿನಲ್ಲಿ ಐದು ನಿಮಿಷ ಮಾತಾಡಿದರು. ನನ್ನ ಎದುರು. ಅರ್ಧ ಅರ್ಥವಾಗಲಿಲ್ಲ. ದೊಡ್ಡಮ್ಮ ಎದ್ದು ನಿಂತುಬಿಟ್ಟಿದ್ದಳು. ಆ ಮಾತು ಅಡುಗೆಮನೆಯ ಹುಡುಗಿಗೆ ಆಡುವುದಲ್ಲ, ಕಂಬ ಇದ್ದವರಿಗೆ ಆಡುವುದು ಅಂತ ಆಮೇಲೆ ಹೇಳಿದಳು. ಇನ್ನು ಪ್ರತಿ ಶನಿವಾರ ಬೆಳಿಗ್ಗೆ ಲೆವಾಸಾ ನನಗೆ ಅದನ್ನು ಕಲಿಸುತ್ತಾರಂತೆ. ಕೇಳಿದ್ದಲ್ಲ. ಆಜ್ಞೆ.

ಡಿಸೆಂಬರ್ 5, ಗುರುವಾರ

ಪ್ರೊಫೆಸರ್ ಮತ್ತೆ ಅದೇ ಪ್ರಶ್ನೆಗೆ ಬಂದರು. ಕೈ ಎತ್ತಿದೆ.  ಫ್ರಿಜ್‌ನಿಂದ ಶುರು ಮಾಡಿದೆ. ಹಂಚಿಕೊಂಡ ಕಿವಿಗಳು, ಒಬ್ಬರು ಕೂರುವ ಮೂರು ಕುರ್ಚಿ, ಒಂದರ ಹಿಂದೆ ಒಂದು ಏಳುವ ಫಲಕ. ಖಾಲಿ ಕುರ್ಚಿಗೆ ಬಾಯಿಲ್ಲ ಅನ್ನುವ ನಿಯಮ. ಪ್ರೊಫೆಸರ್ ಬರೆದುಕೊಂಡರು. ನಾನು ಹೇಳಿದ್ದನ್ನು, ಅವರು.

ಮೆಟ್ಟಿಲ ಹತ್ತಿರ ಬಾಸ್ಟಿಯಾನ್, ನಿನ್ನ ಮಾವನ ನಕಾಶೆ ನೋಡಬಹುದಾ ಅಂತ ಕೇಳಿದ. ನಾಲ್ಕು ಮ್ಯಾಚ್ ಆದ ಮೇಲೆ ಬಾ ಅಂದೆ. ಆಮೇಲೆ ತೋರಿಸಿದೆ.

ಡಿಸೆಂಬರ್ 9, ಸೋಮವಾರ. ಬೆಳಿಗ್ಗೆ 7

ಬೆಳ್ಳಿ ಕನ್ನಡಕದವರು ಶುಕ್ರವಾರ ಕಾರಿಡಾರ್‌ನಲ್ಲಿ ನನ್ನನ್ನು ಪಕ್ಕಕ್ಕೆ ಕರೆದಿದ್ದರು. ನಿಮ್ಮ ಮನಸ್ಸಲ್ಲಿ ಏನಿದೆ ಹೇಳಿ ಅಂದರು. ನಿಜವಾಗಿ ಹಾಗೇ ಅಂದರು. ನಮ್ಮೂರ ಹಿರಿಯರ ಹಾಗೆ. ಐವತ್ತು ತಮ್ಮ ಊರಿನಲ್ಲಿ ಯಾರೂ ಒಪ್ಪುವುದಿಲ್ಲ, ನಲವತ್ತು ಆದರೆ ಪ್ರಯತ್ನಿಸಬಹುದು ಅಂದರು. ಲೆವಾಸಾ ಅವರಿಗೆ ಹೇಳಿದೆ. ದೋಣಿಯವರನ್ನೇ ಕೇಳು ಅಂದರು.

ಇವತ್ತು ಮಾವನನ್ನು ಕೇಳಿದೆ. ನಕಾಶೆ ಹಿಡಿದು ಎಣಿಸಿದೆವು. ನಲವತ್ತರೊಳಗೆ ಮೂವತ್ತೊಂದರಲ್ಲಿ ಮೂವತ್ತು ಚುಕ್ಕಿ.

"ಸಾಕು ಬಿಡು. ಆ ಒಂದು ಸಲ ನಾನು ದಾರಿ ತಪ್ಪಿದ್ದೆ. ಅತ್ತೆಗೆ ಹೇಳ್ಬೇಡ."

ದೋಣಿಗೆ ಹೊಸ ಬಣ್ಣ ಹೊಡೆಯುತ್ತಿದ್ದಾನೆ. ಹಸಿರೇ.

ಡಿಸೆಂಬರ್ 12, ಗುರುವಾರ. ಬೆಳಿಗ್ಗೆ 11.20, ಕೋಣೆಯಲ್ಲೇ

ನೋಟ್ಸ್ ಪುಸ್ತಕದ ಬದಲು ಇದರಲ್ಲೇ ಬರೆಯುತ್ತಿದ್ದೇನೆ. ಲೆವಾಸಾ ಮತ್ತು ದೊಡ್ಡಮ್ಮ ಇಬ್ಬರೂ ಬಂದಿದ್ದಾರೆ. ಮೊದಲ ಸಲ ಸಮೋವಾದಿಂದ ಮೂರು ಜನ. ಅವರು ಹಿಂದಿನ ಸಾಲಿನಲ್ಲಿ ಕೂತರು. ಮುಂದಿನ ಕುರ್ಚಿಗೆ ಲೆವಾಸಾ ನನ್ನನ್ನು ಕಣ್ಣಲ್ಲೇ ಕಳಿಸಿದರು. ಮಿಸ್ ವೆಲ್ಮಾ ಬ್ಯಾಗನ್ನು ನನ್ನ ಕಡೆಯ ಅಂಚಿಗೆ ಸರಿಸಿಟ್ಟಿದ್ದಾರೆ, ಬೇಕಾದರೆ ಇರಲಿ ಅಂತ.

ಆರನೆಯ ಪ್ಯಾರಾ ಆಯಿತು. ಸುತ್ತಿಗೆ ಬಿತ್ತು.

ಏಳು. ಪರದೆಯ ಮೇಲೆ ನಲವತ್ತು. ಕಂಸ ಇಲ್ಲ. ಆಕ್ಷೇಪ ಇದೆಯೇ ಅಂದರು. ಒಂದೊಂದೇ ಮುಖ ನೋಡುತ್ತ ಬರುತ್ತಿದ್ದಾರೆ. ಫಿಜಿ — ಫಲಕ ಮಲಗಿದೆ. ಮಾಲ್ಡೀವ್ಸ್ ಮಲಗಿದೆ. ಬೆಳ್ಳಿ ಕನ್ನಡಕದವರ ಕೈ ಮಡಿಲಲ್ಲಿದೆ. ಕೋಟು, ಮಿಸ್ ವೆಲ್ಮಾ, ಬ್ಯಾಗು — ಮೂವರೂ ಸುಮ್ಮನೆ.

ನನ್ನ ಕಡೆ ಬಂದರು. ಬೆನ್ನು ನೆಟ್ಟಗಿದೆ. ನೇರ ಅವರ ಕಣ್ಣನ್ನೇ ನೋಡುತ್ತಿದ್ದೇನೆ, ಅಕ್ಷರ ಎಲ್ಲಿ ಬೀಳುತ್ತಿದೆಯೋ ಗೊತ್ತಿಲ್ಲ. ಇವತ್ತು ಸುಮ್ಮನಿದ್ದೇನೆ, ಒಪ್ಪಿ ಸುಮ್ಮನಿದ್ದೇನೆ.

ಸುತ್ತಿಗೆ ಎತ್ತಿದರು. ಬಿತ್ತು.